ಅಲಗು ಒಂದೂರಿನದು, ಹಿಡಿ ಇನ್ನೊಂದೂರಿನದು

ಗೋವೆಯ ಲಿಲಾವಿನಲ್ಲಿ ಕೊಂಡ ಕತ್ತಿಯನ್ನು ಮೇಜಿನ ಮೇಲಿಟ್ಟು ಸೋದರಳಿಯ ಕೇಳಿದ: "ಶಿವಾಜಿ ಮಹಾರಾಜರ ಕಾಲದ್ದೇ, ಮಾವ?"

ಅಂಕೋಲೆಯವರಾದ ನಮಗೆ ಆ ಆಸೆ ಸಹಜ. 1665ರ ಫೆಬ್ರವರಿಯಲ್ಲಿ ಬಸರೂರಿನ ದಾಳಿ ಮುಗಿಸಿ, ಗೋಕರ್ಣದಲ್ಲಿ ಮಿಂದು ಮಹಾರಾಜರು ಅಂಕೋಲೆಗೆ ಬಂದರು. ಹೊಳೆ ದಾಟಲು ಬೇಕಾದಷ್ಟೇ ಹಡಗುಗಳನ್ನು ಉಳಿಸಿಕೊಂಡು 4,000 ಕಾಲಾಳುಗಳೊಂದಿಗೆ ಕಾರವಾರಕ್ಕೆ ನಡೆದರು. ಅಲ್ಲಿನ ಇಂಗ್ಲಿಷ್ ಕೋಠಿಯವರು 112 ಪೌಂಡ್ ತೆರಬೇಕಾಯಿತು.

ನಾನು ಮೊದಲು ನೋಡಿದ್ದು ಅಲಗು ಹಿಡಿಯೊಳಗೆ ಇಳಿಯುವ ಸಂದನ್ನು. ಹಿಂದೆ ಅಲಗಿನ ಬಾಲವನ್ನು ಟೊಳ್ಳು ಹಿಡಿಗೆ ತೂರಿಸಿ, ಕಾಯಿಸಿದ ಅರಗು ತುಂಬಿ ಬಿಗಿಯುತ್ತಿದ್ದರು. ಇಲ್ಲಿ ಅರಗು ಕಪ್ಪಗೆ ಒಣಗಿ ಬಿರುಕು ಬಿಟ್ಟಿತ್ತು. ಪ್ರವಾಸಿಗರಿಗೆ ಮಾರುವ ಹೊಸ ಕತ್ತಿಯಾಗಿದ್ದರೆ ಅಲ್ಲಿ ವೆಲ್ಡಿಂಗೋ ನಟ್ಟೋ ಇರುತ್ತಿತ್ತು. ಅಲಗು ನೇರ, ಬುಡದಿಂದ ಉದ್ದಕ್ಕೆ ಕೊರೆದ ಮೂರು ಕಾಲುವೆ, ಪಕ್ಕದಲ್ಲಿ ಹಲ್ಲುಹಲ್ಲಾದ ಅರ್ಧಚಂದ್ರದ ಗುರುತು. ಇದು ಇಟಲಿಯ ಜಿನೋವಾದ ಹೆಸರಾಂತ ಗುರುತು. ಆದರೆ ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಅದಕ್ಕಿದ್ದ ಬೆಲೆ ಕಂಡು ಜರ್ಮನಿಯವರೂ ಒತ್ತಿದರು, ನಮ್ಮ ಕಮ್ಮಾರರೂ ಒತ್ತಿದರು.

ಗೋವಾ ಬಂದರು 1510ರಿಂದ ಪೋರ್ಚುಗೀಸರ ವಶದಲ್ಲಿತ್ತು. ಅವರ ಹಡಗುಗಳು ತಂದ ಅಲಗುಗಳಿಗೆ ದಖ್ಖನಿನ ಸರದಾರರು ಬೆರಳು ಕಾಯುವ ಬುಟ್ಟಿಹಿಡಿ ಕೂಡಿಸಿಕೊಂಡರು. ಇಂಥವೇ ಫಿರಂಗಿ ಕತ್ತಿಗಳು. 2025ರ ಏಪ್ರಿಲ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ ಮಹಾರಾಷ್ಟ್ರ ಸರ್ಕಾರ 47.15 ಲಕ್ಷ ರೂಪಾಯಿಗೆ ಕೊಂಡ ನಾಗಪುರದ ರಘೂಜಿ ಭೋಸಲೆಯವರ ಕತ್ತಿಯೂ ಇದೇ ಜಾತಿಯದು: ಅಲಗು ಯುರೋಪಿನದು, ಅದರ ಬೆನ್ನಿನ ಮೇಲೆ ದೇವನಾಗರಿಯಲ್ಲಿ ಚಿನ್ನದಿಂದ ಬರೆದ ಒಡೆಯನ ಹೆಸರು. ಹಾಗೆ ಹೆಸರು ಬರೆದಿದ್ದರೆ ಮಾತ್ರ ಇಂಥವರದೆಂದು ಹೇಳಬಹುದು. ಇಲ್ಲದಿದ್ದರೆ ಅಲಗಿನ ಊರನ್ನೂ ಹಿಡಿಯ ಊರನ್ನೂ ಬೇರೆಬೇರೆಯಾಗಿಯೇ ಹುಡುಕಬೇಕು. ಹಿಡಿ ಮುರಿದಾಗ ಹೊಸತು ಕೂಡಿಸುತ್ತಿದ್ದರಿಂದ ಎರಡಕ್ಕೂ ನೂರು ವರ್ಷದ ಅಂತರವಿದ್ದರೂ ಅಚ್ಚರಿಯಿಲ್ಲ. ಅಳಿಯನ ಕತ್ತಿಯಲ್ಲಿ ಒಂದಕ್ಷರವೂ ಇಲ್ಲ. ಮಹಾರಾಜರ ಹೆಸರನ್ನು ಅದಕ್ಕೆ ಅಂಟಿಸಲು ನಾನು ಒಪ್ಪಲಿಲ್ಲ. ಹಾಗೆ ಅಂಟಿಸಿದರೆ ಕತ್ತಿಗೂ ಅನ್ಯಾಯ, ಚರಿತ್ರೆಗೂ ಅನ್ಯಾಯ.

ಅಳಿಯ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಬರಿಸುತ್ತೇನೆಂದು ಹೊರಟಿದ್ದ. ಬೇಡವೆಂದು ಕೈ ಹಿಡಿದು ನಿಲ್ಲಿಸಿದೆ. ಆ ಕಪ್ಪು ಪದರ, ಆ ಅರಗು ಹೋದರೆ ಮುಂದೆ ಪರೀಕ್ಷಿಸುವವರಿಗೆ ಆಧಾರವೇ ಉಳಿಯುವುದಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ಅಲಗಿಗೆ ತೆಳ್ಳಗೆ ಎಣ್ಣೆ ಸವರಿ ಇಡು ಎಂದೆ. ಪರದೇಶದವರು ಬೆಲೆ ಕೇಳಿದರೂ ಕಳಿಸಬೇಡ. 100 ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ತಡೆಯುತ್ತದೆ.