ಒಂದೇ ಮನೆಯ ಇಬ್ಬರು ಮಕ್ಕಳು: ಸ್ಕೋಡಾ ಏರಿದ್ದೇಕೆ, ಸೆಯಾಟ್ ಸೊರಗಿದ್ದೇಕೆ?

ಝೆಕ್ ಗಣರಾಜ್ಯದ ಸ್ಕೋಡಾ ಹಾಗೂ ಸ್ಪೇನಿನ ಸೆಯಾಟ್, ಎರಡೂ ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹದ ಒಡೆತನಕ್ಕೆ ಸೇರಿದ ಕಾರು ಕಂಪೆನಿಗಳು. ಎಂಜಿನ್, ಗೇರ್‌ಬಾಕ್ಸ್, ಅಡಿಗಟ್ಟು ಎಲ್ಲವೂ ಎರಡಕ್ಕೂ ಒಂದೇ ಉಗ್ರಾಣದಿಂದ ಬರುತ್ತವೆ. 2000ರಲ್ಲಿ ಸೆಯಾಟ್ 5 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮಾರಿತ್ತು; ಸ್ಕೋಡಾದ ಮಾರಾಟ ಸುಮಾರು 4.35 ಲಕ್ಷ. ಹತ್ತೇ ವರ್ಷಗಳಲ್ಲಿ ಚಿತ್ರ ತಲೆಕೆಳಗಾಯಿತು. 2010ರಲ್ಲಿ ಸ್ಕೋಡಾ 7.62 ಲಕ್ಷಕ್ಕೆ ಏರಿದರೆ, ಸೆಯಾಟ್ 3.40 ಲಕ್ಷಕ್ಕೆ ಕುಸಿದಿತ್ತು. ಒಂದೇ ಬಂಡವಾಳ, ಒಂದೇ ತಂತ್ರಜ್ಞಾನವಿದ್ದೂ ಹಣೆಬರಹ ಬೇರೆಯಾದದ್ದು ಹೇಗೆ?

(ನಮ್ಮಲ್ಲಿ ಟೈರುಗಳಿಂದ ಪರಿಚಿತವಾಗಿರುವ ಸಿಯೆಟ್ ಕಂಪೆನಿಗೂ ಈ ಸೆಯಾಟ್‌ಗೂ ಸಂಬಂಧವಿಲ್ಲ.)

ಮೊದಲು ಮನೆ ಸೇರಿದ್ದು ಸೆಯಾಟ್. 1950ರಲ್ಲಿ ಸ್ಪೇನ್ ಸರ್ಕಾರದ ಕೈಗಾರಿಕಾ ಸಂಸ್ಥೆಯು ಇಟಲಿಯ ಫಿಯೆಟ್ ಸಹಯೋಗದಲ್ಲಿ ಅದನ್ನು ಸ್ಥಾಪಿಸಿತು. ನಮ್ಮ ಪ್ರೀಮಿಯರ್ ಪದ್ಮಿನಿಯಂತೆಯೇ ಸೆಯಾಟ್ ಕಾರುಗಳೂ ಫಿಯೆಟ್ ಮೂಲದವು. 1957ರಿಂದ 1973ರವರೆಗೆ ಬಾರ್ಸಿಲೋನಾದಲ್ಲಿ ತಯಾರಾದ ಪುಟ್ಟ ‘600’ ಕಾರು 8 ಲಕ್ಷದಷ್ಟು ಮಾರಾಟವಾಗಿ, ಸ್ಪೇನಿನ ಮಧ್ಯಮ ವರ್ಗಕ್ಕೆ ಚಕ್ರ ಜೋಡಿಸಿದ ಕೀರ್ತಿ ಪಡೆಯಿತು. ಎಂಬತ್ತರ ದಶಕದ ಆರಂಭದಲ್ಲಿ ಫಿಯೆಟ್ ಕೈಬಿಟ್ಟಾಗ ಸಂಸ್ಥೆಗೆ ಹೊಸ ಆಸರೆ ಬೇಕಾಯಿತು. 1982ರಲ್ಲಿ ಫೋಕ್ಸ್‌ವ್ಯಾಗನ್ ಜತೆ ಒಪ್ಪಂದ ಏರ್ಪಟ್ಟಿತು. 1986ರಲ್ಲಿ ಬಹುಪಾಲು ಷೇರುಗಳೂ ಜರ್ಮನ್ನರ ಪಾಲಾದವು.

ಸ್ಕೋಡಾದ ಬೇರು ಇನ್ನೂ ಹಳೆಯದು. 1895ರಲ್ಲಿ ಮ್ಲಾದಾ ಬೊಲೆಸ್ಲಾವ್ ಪಟ್ಟಣದಲ್ಲಿ ಲೌರಿನ್ ಮತ್ತು ಕ್ಲೆಮೆಂಟ್ ಎಂಬಿಬ್ಬರು ತೆರೆದ ಸೈಕಲ್ ಕಾರ್ಯಾಗಾರವೇ ಅದರ ಮೂಲ. ಎರಡನೇ ಮಹಾಯುದ್ಧದ ಬಳಿಕ ರಾಷ್ಟ್ರೀಕರಣಗೊಂಡ ಕಂಪೆನಿ ಕಮ್ಯುನಿಸ್ಟ್ ಆಡಳಿತದ ನಾಲ್ಕು ದಶಕಗಳಲ್ಲಿ ಪಶ್ಚಿಮ ಯೂರೋಪಿನವರ ನಗೆಚಾಟಿಕೆಗೆ ಗುರಿಯಾಗಿತ್ತು. ಆಡಳಿತ ಬದಲಾದ ಮೇಲೆ ಝೆಕೊಸ್ಲೊವಾಕಿಯಾ ಸರ್ಕಾರ ಪಾಲುದಾರನನ್ನು ಹುಡುಕಿದಾಗ ಫ್ರಾನ್ಸಿನ ರೆನೊ ಕೂಡ ಕಣದಲ್ಲಿತ್ತು. ಗೆದ್ದದ್ದು ಫೋಕ್ಸ್‌ವ್ಯಾಗನ್. 1991ರ ಏಪ್ರಿಲ್‌ನಲ್ಲಿ ಆರಂಭವಾದ ಈ ಪಾಲುದಾರಿಕೆ 2000ದಲ್ಲಿ ಪೂರ್ಣ ಒಡೆತನವಾಯಿತು. ಕೈಸೇರಿದ ವರ್ಷ ಸ್ಕೋಡಾ ಮಾರಿದ್ದು ಕೇವಲ 1.72 ಲಕ್ಷ ಕಾರು.

ಸ್ಪಷ್ಟ ಪಾತ್ರ, ಅಸ್ಪಷ್ಟ ಪಾತ್ರ

ಇಬ್ಬರಿಗೂ ಒಪ್ಪಿಸಲಾದ ಕೆಲಸದಲ್ಲೇ ವ್ಯತ್ಯಾಸದ ಬೀಜವಿದೆ ಎನ್ನಬಹುದು. ಸ್ಕೋಡಾಕ್ಕೆ ಸಿಕ್ಕ ಕೆಲಸ ಸರಳ: ಕೊಟ್ಟ ಹಣಕ್ಕೆ ಹೆಚ್ಚು ಜಾಗ, ಹೆಚ್ಚು ಡಿಕ್ಕಿ, ಕಡಿಮೆ ಆಡಂಬರ. 1996ರ ಆಕ್ಟೇವಿಯಾ ಈ ಸೂತ್ರದ ಮೊದಲ ಫಲ. ಗಾಲ್ಫ್ ಕಾರಿನ ಅಡಿಗಟ್ಟಿನ ಮೇಲೆ ನಿಂತಿದ್ದರೂ ಅದು ಒಂದು ಕುಟುಂಬ ತನ್ನ ಸಾಮಾನು ಸಮೇತ ಹಿಡಿಸುವಷ್ಟು ವಿಶಾಲವಾಗಿತ್ತು. 1999ರಲ್ಲಿ ಫಾಬಿಯಾ, 2001ರಲ್ಲಿ ಸುಪರ್ಬ್ ಅದೇ ದಾರಿ ಹಿಡಿದವು. ಬ್ರಿಟನ್ನಿನಲ್ಲಿ ಸ್ಕೋಡಾ ತನ್ನ ಬಗೆಗಿನ ಹಳೆಯ ನಗೆಹನಿಗಳನ್ನೇ ಜಾಹೀರಾತಿನ ವಸ್ತುವಾಗಿಸಿಕೊಂಡಿತು. ತನ್ನನ್ನು ತಾನೇ ನಗಬಲ್ಲ ಕಂಪೆನಿಯನ್ನು ಗ್ರಾಹಕ ನಂಬತೊಡಗಿದ.

ಸೆಯಾಟ್‌ಗೆ ಇಂಥ ನಿಶ್ಚಿತ ಸ್ಥಾನ ದೊರೆಯಲಿಲ್ಲ. 1993ರಲ್ಲಿ ಮಾರ್ತೊರೆಲ್‌ನಲ್ಲಿ ಭಾರಿ ಕಾರ್ಖಾನೆ ಉದ್ಘಾಟನೆಯಾದ ವರ್ಷವೇ ಯೂರೋಪಿನ ಮಾರುಕಟ್ಟೆ ಕುಸಿದು, ಕಂಪೆನಿ ಭಾರಿ ನಷ್ಟಕ್ಕೆ ಸಿಲುಕಿತು. ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. 2002ರಲ್ಲಿ ಸಮೂಹವು ಬ್ರ್ಯಾಂಡ್‌ಗಳನ್ನು ಎರಡು ಗುಂಪಾಗಿ ವಿಂಗಡಿಸಿತು. ಸ್ಕೋಡಾ ಫೋಕ್ಸ್‌ವ್ಯಾಗನ್ ಗುಂಪಿಗೂ, ಸೆಯಾಟ್ ಔಡಿ ಮತ್ತು ಲಂಬೋರ್ಗಿನಿಗಳ ಗುಂಪಿಗೂ ಸೇರಿದವು. ಸೆಯಾಟ್ ‘ಕ್ರೀಡಾ ಮನೋಭಾವ’ದ ಬ್ರ್ಯಾಂಡ್ ಆಗಿ ಇಟಲಿಯ ಆಲ್ಫಾ ರೋಮಿಯೊಗೆ ಸವಾಲೊಡ್ಡಬೇಕೆಂಬುದು ಲೆಕ್ಕಾಚಾರ. ಆದರೆ ಸ್ಪೋರ್ಟ್ಸ್ ಕಾರಿನ ಹೆಸರು ಸಂಪಾದಿಸುವುದು ಜಾಹೀರಾತಿನಿಂದ ಸಾಧ್ಯವಾಗುವ ಕೆಲಸವಲ್ಲ. ತುಸು ಹೆಚ್ಚು ಹಣ ಹಾಕಬಲ್ಲವ ಗಾಲ್ಫ್ ಕೊಂಡ. ಹಣ ಉಳಿಸಬೇಕೆಂದವ ಆಕ್ಟೇವಿಯಾ ಕೊಂಡ. ನಡುವೆ ಸೆಯಾಟ್ ಉಳಿಯಿತು. ಔಡಿಯ ಹಳೆಯ ಎ4 ಮಾದರಿಯ ಉತ್ಪಾದನಾ ಸಾಲನ್ನು ಜರ್ಮನಿಯಿಂದ ಸಾಗಿಸಿ ತಂದು ‘ಎಕ್ಸಿಯೊ’ ಎಂಬ ಹೆಸರಿನಲ್ಲಿ ಮಾರಿದ್ದು ಈ ಗೊಂದಲದ ಪರಾಕಾಷ್ಠೆ. ಅಣ್ಣನ ಹಳೆಯ ಅಂಗಿ ತೊಡಿಸಿ ತಮ್ಮನನ್ನು ಮದುವೆಗೆ ಕಳುಹಿಸಿದಂತಿತ್ತು.

ಮಾರುಕಟ್ಟೆಯ ಭೂಗೋಳವೂ ಒಂದು ಕಾರಣ. ಸೆಯಾಟ್ ತವರನ್ನು ಹಾಗೂ ನೆರೆಯ ದಕ್ಷಿಣ ಯೂರೋಪನ್ನು ಹೆಚ್ಚಾಗಿ ನೆಚ್ಚಿಕೊಂಡಿತ್ತು. 2007ರಲ್ಲಿ 16 ಲಕ್ಷದಷ್ಟಿದ್ದ ಸ್ಪೇನಿನ ಹೊಸ ಕಾರುಗಳ ನೋಂದಣಿ 2012ರಲ್ಲಿ ಸುಮಾರು 7 ಲಕ್ಷಕ್ಕೆ ಇಳಿದಾಗ ಅದಕ್ಕೆ ಬೇರೆ ನೆಲೆಯಿರಲಿಲ್ಲ. ಆ ವರ್ಷ ಅದು ಮಾರಿದ್ದು 3.21 ಲಕ್ಷ ಕಾರು. ಮಾರ್ತೊರೆಲ್ ಕಾರ್ಖಾನೆಗೆ ಕೆಲಸವಿರಲೆಂದು 2011ರಿಂದ ಔಡಿಯ ಕ್ಯೂ3ಯನ್ನು ಅಲ್ಲಿ ತಯಾರಿಸಲಾಯಿತು. ಸ್ಕೋಡಾ ಅಷ್ಟರಲ್ಲಿ ಚೀನಾ, ರಷ್ಯಾ, ಭಾರತಗಳಲ್ಲಿ ಕಾಲೂರಿತ್ತು.

ಎಸ್‌ಯುವಿ ವಿಚಾರದಲ್ಲೂ ಅಂತರ ಕಾಣಿಸಿತು. ಸ್ಕೋಡಾ 2009ರಲ್ಲೇ ಯೆಟಿಯನ್ನು ಹೊರತಂದರೆ, ಸೆಯಾಟ್‌ನ ಮೊದಲ ಎಸ್‌ಯುವಿ ಅಟೆಕಾ ಬಂದದ್ದು 2016ರಲ್ಲಿ. ಅದೂ ತಯಾರಾದದ್ದು ಸ್ಪೇನಿನಲ್ಲಲ್ಲ, ಝೆಕ್ ನೆಲದ ಕ್ವಾಸಿನಿಯಲ್ಲಿರುವ ಸ್ಕೋಡಾ ಕಾರ್ಖಾನೆಯಲ್ಲಿ!

ಗೆದ್ದವನ ಸಂಕಟ

2014ರಲ್ಲಿ ಸ್ಕೋಡಾ ಮೊದಲ ಬಾರಿಗೆ ವರ್ಷಕ್ಕೆ 10 ಲಕ್ಷ ಕಾರುಗಳ ಗಡಿ ದಾಟಿತು. 2016ರಲ್ಲಿ ಅದರ ನಿರ್ವಹಣಾ ಲಾಭ ವಹಿವಾಟಿನ ಶೇ 8.7ರಷ್ಟಿದ್ದರೆ, ಮನೆಯ ಯಜಮಾನ ಫೋಕ್ಸ್‌ವ್ಯಾಗನ್ ಬ್ರ್ಯಾಂಡ್‌ನದು ಶೇ 1.8 ಮಾತ್ರ. ಯಜಮಾನನಿಗೆ ಇದು ನುಂಗಲಾರದ ತುತ್ತಾಯಿತು. ಜರ್ಮನ್ ತಂತ್ರಜ್ಞಾನವನ್ನು ಅಗ್ಗವಾಗಿ ಪಡೆದು, ಕಡಿಮೆ ಕೂಲಿಯ ನಾಡಿನಲ್ಲಿ ಕಾರು ತಯಾರಿಸಿ ನಮ್ಮ ಗ್ರಾಹಕರನ್ನೇ ಸೆಳೆಯುತ್ತಿದೆ ಎಂಬ ದೂರು ಜರ್ಮನಿಯ ಕಾರ್ಮಿಕ ಪ್ರತಿನಿಧಿಗಳಿಂದ ಕೇಳಿಬಂದಿತು. ಸ್ಕೋಡಾದ ಉತ್ಪಾದನೆಯ ಒಂದು ಪಾಲು ಜರ್ಮನಿಗೆ ಬರಲಿ ಎಂಬ ಬೇಡಿಕೆ 2017ರಲ್ಲಿ ಸುದ್ದಿಯಾಯಿತು. ಇದರಿಂದ ಝೆಕ್ ಕಾರ್ಮಿಕರು ಕಳವಳಗೊಂಡದ್ದು ಸಹಜವೇ. ಸೋದರ ಬ್ರ್ಯಾಂಡ್‌ಗಳ ಲೆಕ್ಕದಲ್ಲಿ ಒಬ್ಬನ ಲಾಭ ಎಷ್ಟು ಸ್ವಂತ ದುಡಿಮೆಯದು, ಎಷ್ಟು ಮನೆಯವರದೇ ಜೇಬಿನದು ಎಂದು ಬಿಡಿಸಿ ಹೇಳುವುದು ಕಷ್ಟ.

ಚೀನಾದ ನೆಚ್ಚಿಕೆಯೂ ಕೊನೆಗೆ ಕೈಕೊಟ್ಟಿತು. 2018ರಲ್ಲಿ ಸ್ಕೋಡಾ ಮಾರಿದ 12.5 ಲಕ್ಷ ಕಾರುಗಳಲ್ಲಿ 3.41 ಲಕ್ಷ ಚೀನಾದಲ್ಲೇ ಹೋಗಿದ್ದವು. 2024ರ ವೇಳೆಗೆ ಅಲ್ಲಿನ ಮಾರಾಟ 20 ಸಾವಿರಕ್ಕೂ ಕೆಳಗಿಳಿಯಿತು. ಉಕ್ರೇನ್ ಯುದ್ಧದ ಬಳಿಕ ರಷ್ಯಾವೂ ಇಲ್ಲವಾಯಿತು. ಆದರೂ 2024ರಲ್ಲಿ ಸ್ಕೋಡಾ 9.27 ಲಕ್ಷ ಕಾರು ಮಾರಿದ್ದು ಯೂರೋಪಿನ ಬಲದಿಂದ.

ಸೆಯಾಟ್ ಚೇತರಿಸಿಕೊಂಡದ್ದು ಹೆಸರು ಬದಲಿಸಿಕೊಂಡು. ತನ್ನ ವೇಗದ ಮಾದರಿಗಳಿಗೆ ಇಡುತ್ತಿದ್ದ ‘ಕುಪ್ರಾ’ ಎಂಬ ಹೆಸರನ್ನು 2018ರಲ್ಲಿ ಪ್ರತ್ಯೇಕ ಬ್ರ್ಯಾಂಡ್ ಆಗಿಸಿತು. ಬೆಲೆ ಹೆಚ್ಚು, ವಿನ್ಯಾಸ ಚೂಪು, ಗ್ರಾಹಕ ತರುಣ. 2024ರಲ್ಲಿ ಒಟ್ಟು 5.58 ಲಕ್ಷ ಕಾರುಗಳಲ್ಲಿ ಕುಪ್ರಾದ ಪಾಲು 2.48 ಲಕ್ಷ. ಔಡಿಯ ನೆರಳಿನಲ್ಲಿ ಕೈಗೂಡದ ಕ್ರೀಡಾ ಹೆಸರು ಹೊಸ ಲಾಂಛನದಡಿ ಕೈಗೂಡಿತು. ಆದರೆ ಹೊಸ ಹೂಡಿಕೆಯೆಲ್ಲ ಕುಪ್ರಾದತ್ತ ಹರಿದು, ಸೆಯಾಟ್ ಎಂಬ ಮೂಲ ಹೆಸರಿಗೆ ಹೊಸ ಮಾದರಿಗಳೇ ಅಪರೂಪವಾದವು.

ಭಾರತದಲ್ಲಿ ಸೆಯಾಟ್ ಮಾರಾಟಕ್ಕೆ ಬರಲೇ ಇಲ್ಲ. ಸ್ಕೋಡಾ 2001ರಲ್ಲಿ ಆಕ್ಟೇವಿಯಾದೊಂದಿಗೆ ಔರಂಗಾಬಾದ್‌ಗೆ (ಇಂದಿನ ಛತ್ರಪತಿ ಸಂಭಾಜಿನಗರ) ಕಾಲಿಟ್ಟಿತು. ಇಲ್ಲಿ ಸೋದರ ಪೈಪೋಟಿ ನಡೆದಿರುವುದು ಫೋಕ್ಸ್‌ವ್ಯಾಗನ್ ಜತೆಗೇ. ಕುಶಾಕ್ ಮತ್ತು ಟೈಗುನ್, ಸ್ಲಾವಿಯಾ ಮತ್ತು ವರ್ಟಸ್ ಪುಣೆ ಸಮೀಪದ ಚಾಕಣ್‌ನಲ್ಲಿ ತಯಾರಾಗುವ ಜೋಡಿಗಳು. ಶೋರೂಮಿನಲ್ಲಿ ‘ಎರಡರಲ್ಲಿ ಯಾವುದು ಒಳ್ಳೆಯದು’ ಎಂದು ಕೇಳುವ ಗ್ರಾಹಕನಿಗೆ ಯಂತ್ರಭಾಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗದು. ಹೊರನೋಟ, ಬೆಲೆ ಮತ್ತು ಸರ್ವಿಸ್ ಕೇಂದ್ರ ಎಷ್ಟು ಹತ್ತಿರ ಎಂಬುದೇ ನಿರ್ಧಾರಕ. 2024ರ ನವೆಂಬರ್‌ನಲ್ಲಿ 7.89 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಪ್ರಕಟವಾದ ಕೈಲಾಕ್‌ನಲ್ಲಿ ಮಾತ್ರ ಸ್ಕೋಡಾ ಜೋಡಿಯಿಲ್ಲದೆ ಕಣಕ್ಕಿಳಿಯಿತು.

ಯೂರೋಪಿನಲ್ಲಿ ಮುಂದಿನ ಪಂದ್ಯ ಸಣ್ಣ ವಿದ್ಯುತ್ ಕಾರುಗಳದು. ಅವುಗಳ ಅಭಿವೃದ್ಧಿಯ ಮುಂದಾಳತ್ವವನ್ನು ಸಮೂಹ ಈ ಬಾರಿ ಸ್ಪೇನಿನವರಿಗೆ ವಹಿಸಿದೆ. ಕುಪ್ರಾದ ರವಾಲ್ ಮಾರ್ತೊರೆಲ್‌ನಲ್ಲಿ ತಯಾರಾಗಬೇಕೆಂಬುದು ಯೋಜನೆ. ಸ್ಕೋಡಾದ ಎಪಿಕ್‌ಗೆ ಗೊತ್ತುಮಾಡಿರುವ ಜಾಗವೂ ಸ್ಪೇನೇ: ನವಾರಾದಲ್ಲಿರುವ ಫೋಕ್ಸ್‌ವ್ಯಾಗನ್ ಕಾರ್ಖಾನೆ.