ಪೆನ್‌ಡ್ರೈವ್‌ನಿಂದ ಕಂಪ್ಯೂಟರ್‌ಗೆ ಹೊಸ ಓಎಸ್ ಹಾಕುವುದು ಹೇಗೆ? 'ಇನ್‌ಸ್ಟಾಲ್' ಒತ್ತುವ ಮುನ್ನ ಇದು ಗೊತ್ತಿರಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸಿಕೊಳ್ಳದ ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಇನ್ನು ಭದ್ರತಾ ಅಪ್‌ಡೇಟ್‌ಗಳು ಬರುವುದಿಲ್ಲ. ವಿಂಡೋಸ್ 11 ಹಾಕಿಕೊಳ್ಳೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಹೀಗಾಗಿ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಹಲವು ಹಳೆಯ ಲ್ಯಾಪ್‌ಟಾಪ್‌ಗಳು ಆ ಪಟ್ಟಿಯಿಂದ ಹೊರಗುಳಿದಿವೆ.

ಅಂಥ ಲ್ಯಾಪ್‌ಟಾಪ್‌ ಅನ್ನು ಗುಜರಿಗೆ ಹಾಕಬೇಕಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಓಎಸ್ ಅನ್ನು ಪೆನ್‌ಡ್ರೈವ್ ಮೂಲಕ ಮನೆಯಲ್ಲೇ ಹಾಕಿಕೊಳ್ಳಬಹುದು. ಕೆಲಸ ಕಷ್ಟದ್ದಲ್ಲ. ಆದರೆ ಇಡೀ ಪ್ರಕ್ರಿಯೆಯಲ್ಲಿ ಹಿಂದಕ್ಕೆ ಬರಲಾಗದ ಹೆಜ್ಜೆ ಒಂದಿದೆ. ಅಲ್ಲಿ ಎಡವಿದರೆ ವರ್ಷಗಳ ಫೋಟೊ, ದಾಖಲೆ, ಲೆಕ್ಕಪತ್ರಗಳೆಲ್ಲ ಹೋಗುತ್ತವೆ. ಹೊಸಬರಿಗೆ ಸುಲಭವೆನಿಸುವ ಲಿನಕ್ಸ್ ಮಿಂಟ್ 22 ಸರಣಿಯನ್ನು ಉದಾಹರಣೆಯಾಗಿಟ್ಟುಕೊಂಡು ಎಲ್ಲ ಹಂತಗಳ ವಿವರ ಇಲ್ಲಿದೆ.

ಏನೇನು ಬೇಕು?

* ಕನಿಷ್ಠ 2 ಜಿಬಿ ರ‍್ಯಾಮ್ (4 ಜಿಬಿ ಇದ್ದರೆ ಒಳ್ಳೆಯದು) ಮತ್ತು 20 ಜಿಬಿ ಡಿಸ್ಕ್ ಜಾಗ ಇರುವ 64 ಬಿಟ್ ಕಂಪ್ಯೂಟರ್
* 8 ಜಿಬಿಯ ಒಂದು ಪೆನ್‌ಡ್ರೈವ್. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ
* ಬ್ಯಾಕಪ್‌ಗಾಗಿ ಬೇರೆಯೇ ಆದ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್
* ಇಂಟರ್ನೆಟ್ ಮತ್ತು ಚಾರ್ಜರ್. ನಡುವೆ ಬ್ಯಾಟರಿ ಖಾಲಿಯಾಗಬಾರದು

ಮೊದಲು ಬ್ಯಾಕಪ್, ಆಮೇಲೆ ಉಳಿದದ್ದು

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲಿಸಿಕೊಳ್ಳಿ. 'ಡಿ' ಡ್ರೈವ್‌ನಲ್ಲಿರುವುದು ಉಳಿಯುತ್ತದೆ ಎಂದು ಸುಮ್ಮನಿರಬೇಡಿ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಎರಡು ಭಾಗಗಳು. ಡಿಸ್ಕ್ ಅಳಿಸಿದರೆ ಎರಡೂ ಹೋಗುತ್ತವೆ. ಬ್ರೌಸರ್‌ನಲ್ಲಿ ಉಳಿಸಿರುವ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ. ನಕಲಿಸಿದ ಬಳಿಕ ಆ ಡಿಸ್ಕ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, ನಾಲ್ಕಾರು ಫೈಲ್ ತೆರೆದು ನೋಡಿ.

ಕನ್ನಡದಲ್ಲಿ ಟೈಪ್ ಮಾಡುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಫೈಲ್ ಉಳಿದರೂ ಓದಲಾಗದು. ಆದ್ದರಿಂದ ವಿಂಡೋಸ್ ಇರುವಾಗಲೇ ಅವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಆ ಫಾಂಟ್ ಫೈಲ್‌ಗಳನ್ನೂ ಬ್ಯಾಕಪ್‌ಗೆ ಸೇರಿಸಿ.

ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಿಸಿದಾಗ ವಿಂಡೋಸ್ ಅದನ್ನು ಕೇಳಬಹುದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಕೀ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ.

ಐಎಸ್‌ಒ ಫೈಲ್ ಎಂದರೇನು?

ಇಡೀ ಓಎಸ್ ಅನ್ನು ಒಂದೇ ಫೈಲ್‌ನಲ್ಲಿ ಅಡಕಗೊಳಿಸಿದ ಪ್ರತಿಯೇ ಐಎಸ್‌ಒ. ಲಿನಕ್ಸ್ ಮಿಂಟ್‌ನದ್ದು ಸುಮಾರು 3 ಜಿಬಿ ಇರುತ್ತದೆ. ಇದನ್ನು ಅಧಿಕೃತ ತಾಣದಿಂದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಡೌನ್‌ಲೋಡ್ ಸರಿಯಾಗಿ ಆಗಿದೆಯೇ ಎಂದು ತಿಳಿಯಲು ಚೆಕ್‌ಸಮ್ ನೋಡಬೇಕು. ಇದು ಫೈಲ್‌ನ ಬೆರಳಚ್ಚಿನಂತೆ. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಅಕ್ಷರ ಮತ್ತು ಅಂಕಿಗಳ ಸಾಲು. ಫೈಲ್‌ನಲ್ಲಿ ಒಂದು ಬಿಟ್ ವ್ಯತ್ಯಾಸವಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಆದೇಶ ಕೊಟ್ಟು ಬರುವ ಸಾಲನ್ನು ತಾಣದಲ್ಲಿರುವ ಸಾಲಿನೊಂದಿಗೆ ಹೋಲಿಸಿ. ಹೊಂದದಿದ್ದರೆ ಮತ್ತೆ ಡೌನ್‌ಲೋಡ್ ಮಾಡಿ.

ಕಾಪಿ-ಪೇಸ್ಟ್ ಮಾಡಿದರೆ ಸಾಲದು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಐಎಸ್‌ಒ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಅದರಿಂದ ಕಂಪ್ಯೂಟರ್ ಆರಂಭವಾಗುವುದಿಲ್ಲ. ಆನ್ ಮಾಡಿದ ತಕ್ಷಣ ಓಡುವ ಫರ್ಮ್‌ವೇರ್, ಅಂದರೆ ಹಳೆಯವುಗಳಲ್ಲಿ ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ, ಬೂಟ್ ಫೈಲ್‌ಗಳನ್ನು ನಿರ್ದಿಷ್ಟ ಜಾಗದಲ್ಲಿ ಹುಡುಕುತ್ತದೆ. ಐಎಸ್‌ಒ ಒಳಗಿರುವುದನ್ನು ಆ ಕ್ರಮದಲ್ಲೇ ಪೆನ್‌ಡ್ರೈವ್‌ಗೆ ಬರೆಯಲು ಬೇರೆ ತಂತ್ರಾಂಶ ಬೇಕು.

ವಿಂಡೋಸ್‌ನಲ್ಲಿ ರೂಫಸ್ ಎಂಬ ಉಚಿತ ತಂತ್ರಾಂಶ ಜನಪ್ರಿಯ. ಮ್ಯಾಕ್‌ನಲ್ಲಿ ಬಲೀನಾ ಎಚರ್ ಬಳಸಬಹುದು. ರೂಫಸ್ ತೆರೆದು ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಫೈಲ್ ತೋರಿಸಿ. ಯುಇಎಫ್‌ಐ ಇರುವ ಕಂಪ್ಯೂಟರ್‌ಗೆ 'ಜಿಪಿಟಿ', ಬಹಳ ಹಳೆಯದಕ್ಕೆ 'ಎಂಬಿಆರ್' ಆರಿಸಿ 'ಸ್ಟಾರ್ಟ್' ಒತ್ತಿ. ಪೆನ್‌ಡ್ರೈವ್ ಹೆಸರು ಮತ್ತು ಗಾತ್ರವನ್ನು ಎರಡು ಸಲ ನೋಡಿಕೊಳ್ಳಿ. ಬ್ಯಾಕಪ್ ಡಿಸ್ಕ್ ಅನ್ನು ಆ ಹೊತ್ತಿಗೆ ಕಳಚಿಟ್ಟಿರುವುದೇ ಕ್ಷೇಮ.

ವಿಂಡೋಸ್ ಅನ್ನೇ ಮರುಸ್ಥಾಪಿಸುವವರಿಗೆ ಮೈಕ್ರೋಸಾಫ್ಟ್‌ನ 'ಮೀಡಿಯಾ ಕ್ರಿಯೇಷನ್ ಟೂಲ್' ಈ ಕೆಲಸ ಮಾಡಿಕೊಡುತ್ತದೆ. ಅದಕ್ಕೂ 8 ಜಿಬಿ ಪೆನ್‌ಡ್ರೈವ್ ಬೇಕು.

ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದು

ಕಂಪ್ಯೂಟರ್ ಆಫ್ ಮಾಡಿ, ಪೆನ್‌ಡ್ರೈವ್ ಹಾಕಿ, ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಯನ್ನು ಪದೇ ಪದೇ ಒತ್ತಿ. ಡೆಲ್, ಲೆನೊವೊ, ಏಸರ್‌ಗಳಲ್ಲಿ ಇದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಮಾಡೆಲ್‌ಗೆ ತಕ್ಕಂತೆ ಬದಲಾಗಬಹುದು. ಕೀ ಕೆಲಸ ಮಾಡದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು 'ರೀಸ್ಟಾರ್ಟ್' ಕ್ಲಿಕ್ ಮಾಡಿ, ಬರುವ ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿ.

ಹಾಕುವ ಮೊದಲು ಬಳಸಿ ನೋಡಿ

ಪೆನ್‌ಡ್ರೈವ್ ವಿಧಾನದ ದೊಡ್ಡ ಅನುಕೂಲ ಇದೇ. ಲಿನಕ್ಸ್ ಮಿಂಟ್ ನೇರವಾಗಿ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಸೆಷನ್ ಎನ್ನುತ್ತಾರೆ. ಈ ಹಂತದಲ್ಲಿ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಏನೂ ಬದಲಾಗಿರುವುದಿಲ್ಲ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಹಳೆಯ ವಿಂಡೋಸ್ ಹಾಗೆಯೇ ಬರುತ್ತದೆ.

ಅವಸರ ಮಾಡದೆ ಇಲ್ಲಿ ಅರ್ಧ ಗಂಟೆ ಕಳೆಯಿರಿ. ವೈಫೈ, ಧ್ವನಿ, ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್ ಕೆಲಸ ಮಾಡುತ್ತವೆಯೇ ಪರೀಕ್ಷಿಸಿ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್ ಮೊದಲೇ ಇರುತ್ತದೆ. ಏನಾದರೂ ಹೊಂದುತ್ತಿಲ್ಲ ಎನಿಸಿದರೆ ಇಲ್ಲಿಗೇ ನಿಲ್ಲಿಸಬಹುದು, ನಷ್ಟವೇನಿಲ್ಲ.

ಹಿಂದಕ್ಕೆ ಬರಲಾಗದ ಹೆಜ್ಜೆ

ಡೆಸ್ಕ್‌ಟಾಪ್‌ನಲ್ಲಿರುವ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಚಿಹ್ನೆ ಒತ್ತಿದರೆ ಭಾಷೆ, ಕೀಬೋರ್ಡ್ ಕೇಳುತ್ತದೆ. ಬಳಿಕ ಎಲ್ಲಿ ಸ್ಥಾಪಿಸಬೇಕು ಎಂಬ ಪುಟ ಬರುತ್ತದೆ. ಅಲ್ಲಿನ ಮುಖ್ಯ ಆಯ್ಕೆಗಳು ಹೀಗಿರುತ್ತವೆ:

1. 'ಇನ್‌ಸ್ಟಾಲ್ ಅಲಾಂಗ್‌ಸೈಡ್': ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುತ್ತದೆ. ಆನ್ ಮಾಡಿದಾಗ ಯಾವುದು ಬೇಕೆಂದು ಆರಿಸಬಹುದು. ಇದಕ್ಕೂ ಮುನ್ನ ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿರಬೇಕು.
2. 'ಇರೇಸ್ ಡಿಸ್ಕ್': ವಿಂಡೋಸ್ ಹಾಗೂ ಎಲ್ಲ ಫೈಲ್‌ಗಳನ್ನು ಅಳಿಸಿ ಲಿನಕ್ಸ್ ಮಾತ್ರ ಹಾಕುತ್ತದೆ.
3. 'ಸಮ್‌ಥಿಂಗ್ ಎಲ್ಸ್': ಡಿಸ್ಕ್‌ನ ಭಾಗಗಳನ್ನು ಕೈಯಾರೆ ವಿಂಗಡಿಸುವವರಿಗೆ. ಅನುಭವ ಇಲ್ಲದವರು ಬಿಟ್ಟುಬಿಡುವುದು ಉತ್ತಮ.

ಇಲ್ಲಿ ಡಿಸ್ಕ್‌ಗಳು ಸಿ, ಡಿ ಎಂಬ ಹೆಸರಿನಲ್ಲಿ ಕಾಣುವುದಿಲ್ಲ. ಎಸ್‌ಡಿಎ, ಎಸ್‌ಡಿಬಿ ಎಂಬಂಥ ಹೆಸರುಗಳಿರುತ್ತವೆ. ಹೀಗಾಗಿ ಗಾತ್ರ ನೋಡಿ ಗುರುತಿಸಿ. ಕೊನೆಯಲ್ಲಿ ಯಾವ ಡಿಸ್ಕ್‌ನಲ್ಲಿ ಏನು ಬದಲಾಗಲಿದೆ ಎಂಬ ಪಟ್ಟಿಯೊಂದಿಗೆ ಒಪ್ಪಿಗೆ ಕೇಳುತ್ತದೆ. ಅಲ್ಲಿಯವರೆಗೆ ವಾಪಸ್ ಬರಲು ದಾರಿ ಇದೆ, ಒಪ್ಪಿದ ಮೇಲೆ ಇಲ್ಲ.

ನಂತರ ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ. ಸಾಧಾರಣ ವೇಗದ ಕಂಪ್ಯೂಟರ್‌ನಲ್ಲಿ ಅರ್ಧ ಗಂಟೆಯೊಳಗೆ ಮುಗಿಯಬಹುದು. ರೀಸ್ಟಾರ್ಟ್ ವೇಳೆ ಸೂಚನೆ ಬಂದಾಗ ಪೆನ್‌ಡ್ರೈವ್ ತೆಗೆಯಿರಿ.

ಕನ್ನಡ ಟೈಪಿಂಗ್ ಹೇಗೆ?

ಸ್ಥಾಪಿಸುವಾಗ ಇಂಗ್ಲಿಷ್ ಕೀಬೋರ್ಡ್ ಅನ್ನೇ ಇಟ್ಟುಕೊಳ್ಳಿ. ಇಲ್ಲವಾದರೆ ಪಾಸ್‌ವರ್ಡ್ ಟೈಪ್ ಮಾಡುವಾಗ ಗೊಂದಲವಾಗಬಹುದು. ಆಮೇಲೆ ಕೀಬೋರ್ಡ್ ಸೆಟ್ಟಿಂಗ್‌ನ 'ಲೇಔಟ್ಸ್' ವಿಭಾಗದಲ್ಲಿ ಕನ್ನಡ ಸೇರಿಸಿ. ಅಲ್ಲಿ ಇನ್‌ಸ್ಕ್ರಿಪ್ಟ್ ಮತ್ತು 'ಕಗಪ' ಎರಡೂ ವಿನ್ಯಾಸಗಳಿವೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ನುಡಿ ಬಳಸಿದವರಿಗೆ ಈ ಕೀಲಿಮಣೆ ಬಹುಮಟ್ಟಿಗೆ ಪರಿಚಿತವೇ. ಹೀಗೆ ಟೈಪ್ ಮಾಡಿದ್ದೆಲ್ಲ ಯೂನಿಕೋಡ್‌ನಲ್ಲಿ ಇರುವುದರಿಂದ ಯಾವ ಊರಿನ, ಯಾವ ಕಂಪ್ಯೂಟರ್‌ಗೆ ಕಳುಹಿಸಿದರೂ ಓದಲು ಬರುತ್ತದೆ.

ಸಮಸ್ಯೆ ಬಂದರೆ

* ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಕಾಣುತ್ತಿಲ್ಲವೇ? ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ. ಆಗಲೂ ಕಾಣದಿದ್ದರೆ ರೂಫಸ್‌ನಲ್ಲಿ ಮತ್ತೆ ಬರೆಯಿರಿ.
* ಪರದೆ ಕಪ್ಪಾಗಿ ನಿಂತಿದೆಯೇ? ಮೊದಲ ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ.
* ಸ್ಥಾಪಿಸಿದ ಬಳಿಕ ವೈಫೈ ಇಲ್ಲವೇ? ಮೊಬೈಲ್ ಅನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಇಂಟರ್ನೆಟ್ ಹಂಚಿಕೊಂಡು 'ಡ್ರೈವರ್ ಮ್ಯಾನೇಜರ್' ತೆರೆಯಿರಿ.

ಕೆಲಸ ಮುಗಿದ ಮೇಲೂ ಪೆನ್‌ಡ್ರೈವ್ ಅನ್ನು ಅಳಿಸದೆ ಇಟ್ಟುಕೊಳ್ಳಿ. ಮುಂದೊಂದು ದಿನ ಕಂಪ್ಯೂಟರ್ ಆರಂಭವಾಗದೇ ಹೋದರೆ, ಡಿಸ್ಕ್ ಸುಸ್ಥಿತಿಯಲ್ಲಿದ್ದ ಪಕ್ಷದಲ್ಲಿ, ಇದೇ ಲೈವ್ ಸೆಷನ್ ತೆರೆದು ಒಳಗಿನ ಫೈಲ್‌ಗಳನ್ನು ಹೊರತೆಗೆಯಬಹುದು. ಲಿನಕ್ಸ್ ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್‌ಗಳು ಸಿಗಲಿವೆ.