ಟಾಟಾ ಇನ್‌ಸ್ಟಿಟ್ಯೂಟಿನ ಮೂವರು ಯಜಮಾನರು

ತಾನು ಕಟ್ಟಿಸಲು ಹೊರಟ ಸಂಶೋಧನಾ ಸಂಸ್ಥೆಗೆ ತನ್ನ ಹೆಸರು ಬೇಡ ಎಂದವರು ಜೆಮ್‌ಶೆಟ್‌ಜಿ ಟಾಟಾ. ಬೆಂಗಳೂರಿನವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಮಲ್ಲೇಶ್ವರ, ಯಶವಂತಪುರದ ಹಳಬರ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ. ದುಡ್ಡು ಕೊಟ್ಟವರ ಲೆಕ್ಕದಲ್ಲಿ ಈ ಹೆಸರು ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ನೆಲ ಮೈಸೂರು ಸಂಸ್ಥಾನದ್ದು, ಕಾನೂನಿನ ಮುದ್ರೆ ಮತ್ತು ಮೇಲುಸ್ತುವಾರಿ ಬ್ರಿಟಿಷ್ ಭಾರತ ಸರ್ಕಾರದ್ದು. ಹೀಗೆ ಹುಟ್ಟುವಾಗಲೇ ಮೂವರು ಯಜಮಾನರಿದ್ದ ಸಂಸ್ಥೆ ಇದು. ವಿಜ್ಞಾನವನ್ನು ವಿಜ್ಞಾನಿಗಳ ಪಾಡಿಗೆ ಬಿಡಬೇಕು, ಸರ್ಕಾರವಾಗಲಿ ಸಾಹುಕಾರರಾಗಲಿ ಅದರಲ್ಲಿ ಕೈಹಾಕಿದರೆ ಕೆಡುತ್ತದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಸಂಸ್ಥೆಯ ಮೊದಲ ನಲವತ್ತು ವರ್ಷಗಳ ಕಥೆ ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಹೊರಗಿನವರ ಅಗತ್ಯದಿಂದ ಇಲ್ಲಿ ಸಂಶೋಧನೆ ಕೆಟ್ಟದ್ದು ಕಡಿಮೆ, ಎಷ್ಟೋ ಸಲ ಬೆಳೆದದ್ದೇ ಹೆಚ್ಚು. ಕೆಡಿಸಿದ್ದು ಬೇರೆಯದು: ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಇತ್ಯರ್ಥ ಮಾಡದೆ ಬಿಟ್ಟ ಆಡಳಿತ.

1898ರಲ್ಲಿ ಟಾಟಾ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಆಸ್ತಿಯನ್ನು ಈ ಕೆಲಸಕ್ಕೆ ಮೀಸಲಿಡಲು ಮುಂದಾದರು. ಅದರಿಂದ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ಹುಟ್ಟುವ ಅಂದಾಜು. ಅವರ ನಂಬಿಕೆಯ ಬರ್ಜೋರ್ಜಿ ಪಾದ್‌ಶಾ ಯುರೋಪು, ಅಮೆರಿಕದ ವಿಶ್ವವಿದ್ಯಾಲಯಗಳನ್ನು ಸುತ್ತಿ ಬಂದು ಸಿದ್ಧಪಡಿಸಿದ ಕರಡಿನಲ್ಲಿ ಮೂರು ವಿಭಾಗಗಳಿದ್ದವು. ಒಂದು ವಿಜ್ಞಾನ ಮತ್ತು ತಂತ್ರಜ್ಞಾನ, ಇನ್ನೊಂದು ವೈದ್ಯಕೀಯ, ಮೂರನೆಯದು ತತ್ವಶಾಸ್ತ್ರ ಮತ್ತು ಶಿಕ್ಷಣ. ಅದೇ ವರ್ಷದ ಡಿಸೆಂಬರ್ 31ರಂದು, ಹೊಸದಾಗಿ ಭಾರತಕ್ಕೆ ಬಂದಿಳಿದ ವೈಸ್‌ರಾಯ್ ಕರ್ಜನ್ ಮುಂದೆ ಈ ಯೋಜನೆ ಹೋಯಿತು. ಅಷ್ಟು ಮೇಲ್ಮಟ್ಟದ ವಿದ್ಯೆಗೆ ತಕ್ಕ ವಿದ್ಯಾರ್ಥಿಗಳು ಸಿಗುತ್ತಾರೆಯೇ, ಸಿಕ್ಕರೂ ಓದು ಮುಗಿದ ಮೇಲೆ ಅವರಿಗೆ ಕೆಲಸ ಎಲ್ಲಿದೆ ಎಂಬುದು ಕರ್ಜನ್ ಅನುಮಾನ. ಸರ್ಕಾರ ತಜ್ಞರನ್ನು ಕರೆಸಿತು. ಮೊದಲು ಬಂದವರು ಜಡ ಅನಿಲಗಳನ್ನು ಕಂಡುಹಿಡಿದ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ. ಅವರು ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಆಮೇಲೆ ಮೆಲ್ಬರ್ನಿನ ಮ್ಯಾಸನ್ ಮತ್ತು ರೂರ್ಕಿಯ ಕ್ಲಿಬರ್ನ್ ಅವರ ಸಮಿತಿ ಬಂತು. ಈ ಸುತ್ತುಗಳು ಮುಗಿಯುವ ಹೊತ್ತಿಗೆ ವೈದ್ಯಕೀಯವೂ ಹೋಗಿತ್ತು, ತತ್ವಶಾಸ್ತ್ರವೂ ಹೋಗಿತ್ತು. ಉಳಿದದ್ದು ಹೆಚ್ಚಾಗಿ ರಸಾಯನವಿಜ್ಞಾನ, ಜೊತೆಗೆ ವಿದ್ಯುತ್ ತಂತ್ರಜ್ಞಾನ. ಬಂದ ತಜ್ಞರಲ್ಲಿ ಇಬ್ಬರು ರಸಾಯನವಿಜ್ಞಾನದವರೇ ಎಂಬುದನ್ನು ಮರೆಯುವಂತಿಲ್ಲ. ಯಾರನ್ನು ಕೇಳಬೇಕು ಎಂದು ಗೊತ್ತುಮಾಡಿದಾಗಲೇ ಏನು ಹೇಳುತ್ತಾರೆ ಎಂಬುದೂ ಬಹುಮಟ್ಟಿಗೆ ಗೊತ್ತಾಗಿರುತ್ತದೆ.

ಮೈಸೂರಿನ ಪಾತ್ರ ಇದಕ್ಕಿಂತ ಬೇರೆ. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಶುರುಮಾಡಿದ ಮಾತುಕತೆ ಮುಂದೆ 371 ಎಕರೆ ಜಮೀನು, ಕಟ್ಟಡದ ಖರ್ಚಿಗೆ 5 ಲಕ್ಷ ರೂಪಾಯಿ, ವರ್ಷಕ್ಕೆ 50,000 ರೂಪಾಯಿಯ ಮಟ್ಟಕ್ಕೆ ಬಂತು. ಇದು ಬರೀ ಧರ್ಮಬುದ್ಧಿಯ ದಾನವಲ್ಲ. ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದ ಸಂಸ್ಥಾನಕ್ಕೆ ತಂತ್ರಜ್ಞರು ಬೇಕಾಗಿದ್ದರು, ಬ್ರಿಟಿಷ್ ಪ್ರಾಂತ್ಯಗಳ ಎದುರು ಮಾದರಿ ರಾಜ್ಯವೆಂಬ ಹೆಸರೂ ಬೇಕಾಗಿತ್ತು. ಟಾಟಾ 1904ರಲ್ಲೇ ತೀರಿಕೊಂಡರು. ಮಕ್ಕಳು ತಂದೆಯ ಮಾತನ್ನು ನಡೆಸಿಕೊಟ್ಟರು. ಸಂಸ್ಥೆಯ ಆಸ್ತಿ, ಆಡಳಿತಗಳನ್ನು ಗೊತ್ತುಪಡಿಸಿದ ಸರ್ಕಾರಿ ಆದೇಶ ಹೊರಬಿದ್ದದ್ದು 1909ರ ಮೇ 27ರಂದು. ಆಡಳಿತ ಮಂಡಳಿಯಲ್ಲಿ ಮೂರು ಕಡೆಯವರಿಗೂ ಬಾಯಿ ಇತ್ತು. ನಿರ್ದೇಶಕರ ಮಾತು ಎಲ್ಲಿಗೆ ನಿಲ್ಲುತ್ತದೆ, ಮಂಡಳಿಯದು ಎಲ್ಲಿಂದ ಶುರುವಾಗುತ್ತದೆ ಎಂಬುದು ಕಾಗದದ ಮೇಲಿದ್ದಷ್ಟು ನಿಚ್ಚಳವಾಗಿ ನಡೆಯಲ್ಲಿ ಇರಲಿಲ್ಲ.

ಇದರ ಮೊದಲ ಪೆಟ್ಟು ಬಿದ್ದದ್ದು ಮೊದಲ ನಿರ್ದೇಶಕರ ಮೇಲೆ. ಮಾರಿಸ್ ಟ್ರಾವರ್ಸ್ ರಾಮ್ಸೆಯ ಜೊತೆ ಕೂತು ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಬೇರ್ಪಡಿಸಿದವರು. 1906ರಲ್ಲಿ ಬಂದು, ಬಯಲಿನಲ್ಲಿ ಕಟ್ಟಡ ಎಬ್ಬಿಸಿ, 1911ರ ಜುಲೈನಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರು. ಮೂರೇ ವರ್ಷದಲ್ಲಿ, ದಾನಿಗಳ ಕಡೆಯವರೊಂದಿಗೂ ಮಂಡಳಿಯೊಂದಿಗೂ ಜಗಳವಾಗಿ ರಾಜೀನಾಮೆ ಕೊಟ್ಟು ಹೋದರು. ಅವರದು ಒರಟು ಸ್ವಭಾವವಿದ್ದೀತು. ಆದರೆ ಮುಂದೆ ಸ್ವಭಾವದಲ್ಲಿ ಟ್ರಾವರ್ಸ್‌ಗೂ ತನಗೂ ಸಂಬಂಧವೇ ಇಲ್ಲದ ಇನ್ನೊಬ್ಬ ನಿರ್ದೇಶಕನಿಗೂ ಅದೇ ಗತಿಯಾಯಿತೆಂದರೆ ದೋಷವನ್ನು ಸ್ವಭಾವದ ಮೇಲಷ್ಟೇ ಹೊರಿಸಲಾಗದು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಹೊರಗಿನವರ ಅಗತ್ಯ ಸಂಶೋಧನೆಗೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಮೈಸೂರು ಸೀಮೆಯಲ್ಲಿ ಶ್ರೀಗಂಧ ಸರ್ಕಾರದ ಸ್ವತ್ತು. ಮರವನ್ನು ಹರಾಜು ಹಾಕಿದರೆ ಅದರ ದೊಡ್ಡ ಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ, ಯುರೋಪಿನ ಸುಗಂಧ ವ್ಯಾಪಾರಿಗಳ ಕೈಸೇರುತ್ತಿತ್ತು. 1914ರಲ್ಲಿ ಆ ದಾರಿ ಮುಚ್ಚಿತು. ಗಂಧದ ಕೊರಡು ಗೋದಾಮಿನಲ್ಲಿ ಉಳಿಯಿತು, ಬೊಕ್ಕಸಕ್ಕೆ ಪೆಟ್ಟು ಬಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯ ಮತ್ತು ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಇದನ್ನು ಸಂಸ್ಥೆಯ ಪ್ರಾಧ್ಯಾಪಕರ ಮುಂದಿಟ್ಟರು. ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗಶಾಲೆಯಲ್ಲಿ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಹದಕ್ಕೆ ತಂದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದರು. ಮುಂದೆ ಮೈಸೂರು ಸ್ಯಾಂಡಲ್ ಸೋಪು ಮನೆಮನೆಯ ಬಚ್ಚಲಿಗೆ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕಡಿಮೆ ಗೊತ್ತಿರುವುದು ಪ್ರಯೋಗಶಾಲೆಯ ಒಳಗಾದದ್ದು. ಗಂಧದೆಣ್ಣೆ ದುಡ್ಡು ತಂದಿತೆಂದು ರಸಾಯನವಿಜ್ಞಾನ ಎಣ್ಣೆಗಾಣವಾಗಲಿಲ್ಲ. ಸುಗಂಧ ತೈಲಗಳ ಅಧ್ಯಯನ ಅಲ್ಲಿ ಬೇರೂರಿತು. ಟರ್ಪೀನುಗಳ ರಚನೆಯ ಬಗ್ಗೆ ಮುಂದೆ ಹೆಸರು ಮಾಡಿದ ಜಾನ್ ಸೈಮನ್ಸನ್ 1925ರಿಂದ 1928ರವರೆಗೆ ಅಲ್ಲೇ ಪ್ರಾಧ್ಯಾಪಕರು. ಚರಂಡಿ ನೀರು ಶುದ್ಧಮಾಡುವ ವಿಧಾನದಲ್ಲಿ ಹೆಸರಾಗಿದ್ದ ಗಿಲ್ಬರ್ಟ್ ಫೌಲರ್ ಜೀವರಸಾಯನಕ್ಕೆ ಬುನಾದಿ ಹಾಕಿದರು. ಸಂಸ್ಥಾನ ಕೇಳಿದ್ದು ಎಣ್ಣೆ, ಸಿಕ್ಕಿದ್ದು ಎಣ್ಣೆ. ಅದನ್ನು ಹೇಗೆ ತೆಗೆಯಬೇಕು, ಯಾರು ತೆಗೆಯಬೇಕು, ಆಮೇಲೆ ಏನನ್ನು ಓದಬೇಕು ಎಂಬುದರಲ್ಲಿ ಅದು ತಲೆಹಾಕಲಿಲ್ಲ.

ಸರ್ಕಾರದ ಕೈ ಬಿದ್ದ ಬಗೆ ಹೀಗಿರಲಿಲ್ಲ. ಅದು ಇಂಥದ್ದು ಬೇಕು ಎಂದು ಕೇಳಲಿಲ್ಲ, ಆಗಾಗ ಲೆಕ್ಕ ಕೇಳಿತು. 1921ರಲ್ಲಿ ಪೋಪ್ ಸಮಿತಿ, 1930ರಲ್ಲಿ ಸಿವೆಲ್ ಸಮಿತಿ, 1936ರಲ್ಲಿ ಇರ್ವಿನ್ ಸಮಿತಿ. ಸಂಸ್ಥೆ ಸಾಕಷ್ಟು ಉಪಯೋಗಕ್ಕೆ ಬಂದಿದೆಯೇ, ವಿಭಾಗಗಳ ನಡುವೆ ಹಣ ಸರಿಯಾಗಿ ಹಂಚಿಕೆಯಾಗಿದೆಯೇ ಎಂಬ ಪ್ರಶ್ನೆಗಳು. ಪ್ರಶ್ನೆಗಳು ತಪ್ಪಲ್ಲ. ಆದರೆ ಸಮಿತಿ ಬರುತ್ತದೆ ಎಂದು ಗೊತ್ತಿರುವ ಮನೆಯಲ್ಲಿ ಒಳಗಿನ ಜಗಳವನ್ನು ಒಳಗೇ ತೀರಿಸಿಕೊಳ್ಳುವ ಅಭ್ಯಾಸ ಬೆಳೆಯುವುದಿಲ್ಲ, ದೂರು ಹೊರಗಿನವರ ಕಿವಿಗಾಗಿಯೇ ಸಿದ್ಧವಾಗುತ್ತದೆ. 1933ರಲ್ಲಿ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಮೂರು ವರ್ಷದ ಹಿಂದೆ ನೊಬೆಲ್ ಪಡೆದವರು. ರಸಾಯನವಿಜ್ಞಾನವೇ ತುಂಬಿದ್ದ ಸಂಸ್ಥೆಯಲ್ಲಿ ಅವರು ಭೌತವಿಜ್ಞಾನದ ವಿಭಾಗ ತೆರೆದರು. ಶಬ್ದದ ಅಲೆಗಳಿಂದ ಬೆಳಕು ಚದರುವುದನ್ನು ವಿವರಿಸಿದ ರಾಮನ್–ನಾಥ್ ಸಿದ್ಧಾಂತ ಆ ವರ್ಷಗಳದ್ದೇ. ಹಿಟ್ಲರನ ಜರ್ಮನಿ ಯಹೂದಿ ವಿಜ್ಞಾನಿಗಳನ್ನು ಓಡಿಸುತ್ತಿದ್ದ ಹೊತ್ತು ಅದು. ಗ್ಯೋಟಿಂಗೆನ್‌ನ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ 1935ರ ಕೊನೆಗೆ ಬೆಂಗಳೂರಿಗೆ ಕರೆಸಿಕೊಂಡರು, ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಲು ಹೊರಟರು. ಸಭೆಯಲ್ಲಿ ವಿದ್ಯುತ್ ತಂತ್ರಜ್ಞಾನದ ಇಂಗ್ಲಿಷ್ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತು, ಸ್ವದೇಶದಿಂದ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯವರು ನಮಗೆ ಬೇಡ ಎಂಬ ಅರ್ಥದ ಮಾತನ್ನು ಬಾರ್ನ್ ಎದುರಿಗೇ ಆಡಿದರು. ಕ್ವಾಂಟಮ್ ಬಲವಿಜ್ಞಾನವನ್ನು ಕಟ್ಟಿದವರಲ್ಲಿ ಒಬ್ಬರಾದ, 1954ರಲ್ಲಿ ನೊಬೆಲ್ ಪಡೆದ ಮನುಷ್ಯ ಎಡಿನ್‌ಬರೊಗೆ ಹೋದರು. ನಷ್ಟ ಯಾರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಜೇಮ್ಸ್ ಇರ್ವಿನ್ ನೇತೃತ್ವದ ಸಮಿತಿ ಬಂದು ನಿರ್ದೇಶಕರ ನಡೆಯನ್ನು ಟೀಕಿಸಿತು. 1937ರಲ್ಲಿ ರಾಮನ್ ನಿರ್ದೇಶಕ ಪದವಿ ಬಿಟ್ಟು, ಬರೀ ಪ್ರಾಧ್ಯಾಪಕರಾಗಿ ಉಳಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಹಗುರವಾದದ್ದಲ್ಲ. ರಾಮನ್ ಆಡಳಿತದಲ್ಲಿ ತಪ್ಪಿರಲಿಲ್ಲವೇ? ಇತ್ತು. ಭೌತವಿಜ್ಞಾನಕ್ಕೆ ಹಣ ಹರಿಸುವ ಅವಸರದಲ್ಲಿ ಉಳಿದ ವಿಭಾಗಗಳಿಗೆ ಕೊರತೆ ಮಾಡಿದರು ಎಂಬ ದೂರಿನಲ್ಲಿ ಹುರುಳಿದೆ. ಸಹೋದ್ಯೋಗಿಗಳನ್ನು ಒಲಿಸಿಕೊಳ್ಳುವ ತಾಳ್ಮೆ ಅವರಿಗಿರಲಿಲ್ಲ. ಮುಂಬಯಿ ವಿಶ್ವವಿದ್ಯಾಲಯದಿಂದ ಉತ್ತಮ ದರ್ಜೆಯಲ್ಲಿ ಪದವಿ ಪಡೆದು ಬಂದ ಕಮಲಾ ಭಾಗ್ವತ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದವರೂ ಅವರೇ. ಆಕೆ ಹಟ ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ವಿಜ್ಞಾನಿಯ ಕೈಗೆ ಸಂಪೂರ್ಣ ಅಧಿಕಾರ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಪ್ರಸಂಗಕ್ಕೆ ಉತ್ತರ ಹೇಳಬೇಕಾಗುತ್ತದೆ. ಆದರೆ ಗಮನಿಸಬೇಕಾದ್ದು, ಇಂಥ ತಪ್ಪನ್ನು ತಿದ್ದುವ ದಾರಿ ಯಾವುದಿತ್ತು ಎಂಬುದನ್ನು. ವಿಭಾಗಗಳ ಹಣದ ಪಾಲನ್ನು ಪ್ರತಿವರ್ಷ ಚರ್ಚಿಸಿ ತೀರ್ಮಾನಿಸುವ ಗಟ್ಟಿಯಾದ ಒಳವೇದಿಕೆ ಇದ್ದಿದ್ದರೆ ಸಣ್ಣ ತಿದ್ದುಪಡಿಯಲ್ಲಿ ಮುಗಿಯಬಹುದಾಗಿದ್ದದ್ದು, ಹೊರಗಿನಿಂದ ಬಂದ ಸಮಿತಿಯ ಕೈಯಲ್ಲಿ ಒಬ್ಬರ ಪದವಿ ಹೋಗುವವರೆಗೆ ಬೆಳೆಯಿತು. ಕಮಲಾ ಅವರಿಗಾದ ಅನ್ಯಾಯದ ಕಡೆಗಂತೂ ಮೂವರು ಯಜಮಾನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಉಸ್ತುವಾರಿ ಹೆಚ್ಚಿದ ಮಾತ್ರಕ್ಕೆ ನ್ಯಾಯ ಹೆಚ್ಚುವುದಿಲ್ಲ.

ಹಾಗಾದರೆ ಹೊರಗಿನವರ ಹಂಗೇ ಇಲ್ಲದ ಸಂಸ್ಥೆ ಕಟ್ಟಿದರಾಯಿತಲ್ಲ ಎಂಬುದು ಇನ್ನೊಂದು ವಾದ. ರಾಮನ್ ಅದನ್ನೇ ಮಾಡಿ ನೋಡಿದರು. ಮಹಾರಾಜರು ವಿಜ್ಞಾನ ಅಕಾಡೆಮಿಗೆಂದು ಕೊಟ್ಟಿದ್ದ ಜಾಗದಲ್ಲಿ 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ತೆರೆದು, ಸರ್ಕಾರದ ಹಣವನ್ನು ದೂರವಿಟ್ಟರು. ಹರಳು, ವಜ್ರ, ಹೂವಿನ ಬಣ್ಣ, ಕಣ್ಣಿನ ನೋಟ, ಮನಸ್ಸಿಗೆ ಬಂದದ್ದನ್ನು ಓದಿದರು. ಆದರೆ ಅವರು ಇರುವವರೆಗೂ ಅದು ಬಹುಮಟ್ಟಿಗೆ ಒಬ್ಬರ ಸಂಸ್ಥೆಯಾಗಿಯೇ ಉಳಿಯಿತು. ಇದಕ್ಕೆ ತದ್ವಿರುದ್ಧ ಹಾದಿ ಹಿಡಿದವರು ರಾಮನ್ ವಿಭಾಗದಲ್ಲೇ ಇದ್ದ ಹೋಮಿ ಭಾಭಾ. 1939ರ ಯುದ್ಧ ಅವರನ್ನು ಕೇಂಬ್ರಿಜ್‌ಗೆ ಹಿಂತಿರುಗಲು ಬಿಡದೆ ಬೆಂಗಳೂರಿನಲ್ಲಿ ಕಟ್ಟಿಹಾಕಿತ್ತು. ವಿಶ್ವಕಿರಣಗಳ ಮೇಲೆ ಅವರು ಇಲ್ಲೂ ಕೆಲಸ ಮಾಡಿದರು. 1944ರ ಮಾರ್ಚಿನಲ್ಲಿ ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು ಬೇರೆಯದೇ ಸಂಸ್ಥೆಗೆ ಹಣ ಕೇಳಿದರು. ಅದು 1945ರಲ್ಲಿ ಬೆಂಗಳೂರಿನಲ್ಲೇ ಕಣ್ಣುಬಿಟ್ಟು, ವರ್ಷ ಮುಗಿಯುವುದರೊಳಗೆ ಮುಂಬಯಿಗೆ ಹೋಯಿತು. ಭಾಭಾ ಅಧಿಕಾರದಿಂದ ದೂರ ನಿಲ್ಲಲಿಲ್ಲ, ನೆಹರೂ ಪಕ್ಕದಲ್ಲೇ ಕೂತರು. ಮಧ್ಯವರ್ತಿಗಳಿಲ್ಲದೆ ಒಬ್ಬ ಪ್ರಧಾನಿಗೆ ಮಾತ್ರ ಉತ್ತರ ಹೇಳುವ ವ್ಯವಸ್ಥೆ ಅವರದಾಯಿತು. ಅದರಿಂದ ಪರಮಾಣು ಸಂಶೋಧನೆ ಎಷ್ಟು ಬೆಳೆಯಿತೋ ಅಷ್ಟೇ ಸಾರ್ವಜನಿಕ ಪ್ರಶ್ನೆಗಳಿಂದ ದೂರವೂ ಆಯಿತು. ಆ ಬೆಲೆಯನ್ನು ಲೆಕ್ಕಕ್ಕೆ ಸೇರಿಸದೆ ಭಾಭಾ ಮಾದರಿಯನ್ನು ಹೊಗಳುವುದು ಸುಲಭ.

ಬೆಂಗಳೂರಿನ ಸಂಸ್ಥೆ ಈ ಎರಡು ತುದಿಗಳ ನಡುವೆ ಮೂರನೆಯ ದಾರಿ ಕಂಡುಕೊಳ್ಳಲು ಇನ್ನೊಂದು ಯುದ್ಧ ಬೇಕಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ವಿಮಾನ ಕಾರ್ಖಾನೆ ಶುರುಮಾಡಿದರು. 1942ರಲ್ಲಿ ಸಂಸ್ಥೆಯಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗ ತೆರೆಯಿತು. ನಿರ್ದೇಶಕರಾಗಿ ಜ್ಞಾನಚಂದ್ರ ಘೋಷ್, ಮೇಲ್ಮಂಡಳಿಯ ಅಧ್ಯಕ್ಷರಾಗಿ ಅದೇ ವಿಶ್ವೇಶ್ವರಯ್ಯ. ಗಂಧದೆಣ್ಣೆಯ ಕಾಲದಂತೆಯೇ, ಬೇಕಾದ್ದನ್ನು ನೇರವಾಗಿ ಕೇಳಿ, ಮಾಡುವ ರೀತಿಯನ್ನು ಒಳಗಿನವರಿಗೆ ಬಿಟ್ಟ ವರ್ಷಗಳವು. ಗ್ಯೋಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಪ್ರಾಂಟ್ಲ್ ಬಳಿ ಓದಿ ಬಂದ ವಿ. ಎಂ. ಘಾಟಗೆ ಆ ವಿಭಾಗವನ್ನು ಕಟ್ಟಿದರು. ಬಾರ್ನ್ ಅವರನ್ನು ಕಳೆದುಕೊಂಡ ಊರಿಗೆ ಅದೇ ಗ್ಯೋಟಿಂಗೆನ್‌ನ ಇನ್ನೊಂದು ವಿದ್ಯೆ ಹೀಗೆ ಬೇರೆ ಬಾಗಿಲಿನಿಂದ ಬಂತು. ಆ ವಿಭಾಗಕ್ಕೆ 1951ರಲ್ಲಿ ಸೇರಿದ ಸತೀಶ್ ಧವನ್ 1962ರಲ್ಲಿ ನಿರ್ದೇಶಕರಾದರು. ಹತ್ತು ವರ್ಷದ ನಂತರ ಬಾಹ್ಯಾಕಾಶ ಕಾರ್ಯಕ್ರಮ ವಹಿಸಿಕೊಳ್ಳಿ ಎಂದು ಇಂದಿರಾ ಗಾಂಧಿ ಕೇಳಿದಾಗ ಅವರು ಎರಡು ಷರತ್ತು ಇಟ್ಟರು. ಒಂದು, ತಾನು ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯಬೇಕು. ಎರಡು, ಬಾಹ್ಯಾಕಾಶ ಸಂಸ್ಥೆಯ ಕೇಂದ್ರಕಚೇರಿ ಬೆಂಗಳೂರಿನಲ್ಲಿರಬೇಕು. ದೆಹಲಿ ಎರಡಕ್ಕೂ ಒಪ್ಪಿತು.